ಅತ್ತು ಗಂಟೆಯ ಮಾತ್ರೆ

೧೨ ಮಾರ್ಚ್, ಬುಧವಾರ

ಮಹಾಜನಗಳೇ! ಹಾಸಿಗೆಯೇ, ದಿಂಬೇ, ಮೂಲೆಯ ಕೊಡೆಯೇ, ಇಂದಿನ ನನ್ನ ದಿಗ್ವಿಜಯ ಕೇಳಿ.

ಉಚ್ಚಾರಣೆ ಕೇಳಿ ಮನುಷ್ಯರನ್ನು ಅಳೆಯಬಾರದೆಂದು ತೋರಿಸಲು ಬೀದಿಯವರೆಲ್ಲ ಸೇರಿ ಸಭಾಂಗಣದಲ್ಲಿ ಒಂದು ಆಟ ಹೂಡಿದ್ದರು. ಪರದೆಯ ಹಿಂದೆ ನಾನೂ ಸೇರಿ ನಾಲ್ವರು ನಿಂತು ಒಂದೇ ಚೀಟಿ ಓದಬೇಕು: ‘ಹತ್ತು ಗಂಟೆಗೆ ಹಾಲಿನ ಜೊತೆ ಮಾತ್ರೆ.’ ಯಾರನ್ನು ನಂಬಿ ಮಾತ್ರೆ ನುಂಗುತ್ತೀರೆಂದು ಜನ ಕೈಯೆತ್ತಿ ಹೇಳಬೇಕು.

ನನ್ನ ಗುಡುಗಿಗೆ ನಲವತ್ತು ಕೈ. ‘ಅತ್ತು ಗಂಟೆಗೆ ಆಲಿನ ಜೊತೆ’ ಎಂದ ದನಿಗೆ ಎರಡು.

“ಅತ್ತು ನುಂಗ್ಬೇಕೋ, ನಕ್ಕು ನುಂಗ್ಬೇಕೋ?” ಎಂದು ಯಾರೋ ಕೂಗಿದರು. ಸಭೆ ನಕ್ಕಿತು. ಪರದೆಯ ಹಿಂದೆ ನಾನೂ ನಕ್ಕೆ.

ಪರದೆ ಸರಿಯಿತು. ಆ ದನಿ, ಈಚೆಗೆ ನಮ್ಮ ನಾಟಕ ತಂಡ ಸೇರಿದ ನರ್ಸಮ್ಮನದು. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದಾಕೆ.

“ಚಪ್ಪಾಳೆ ನಿಮಗೇ ಇರ್ಲಿ ಅಣ್ಣಾ, ಮಾತ್ರೆ ಮಾತ್ರ ನನ್ನ ಕೇಳಿ ತಗೊಳ್ಳಿ,” ಎಂದಳು.

ರಾಣಿಯ ಪಾತ್ರ ಕೇಳಿ ಬಂದವಳಿಗೆ ‘ಹ’ ಹೊರಡದೆಂದು ದಾಸಿಯ ಪಾತ್ರ ಕೊಟ್ಟವನು ಇದೇ ದಿಗ್ವಿಜಯಿ.

ನಾಳೆ ಬೆಳಗ್ಗೆ ಎದ್ದವನೇ ರಾಣಿಯ ಮಾತುಗಳನ್ನು ಅವಳ ಮನೆಗೆ ಒಯ್ಯುತ್ತೇನೆ. ಮೊದಲ ಮಾತೇ ‘ಹೇ ಪ್ರಜೆಗಳೇ!’ ಅವಳು ‘ಏ ಪ್ರಜೆಗಳೇ!’ ಅನ್ನುತ್ತಾಳೆ. ಅನ್ನಲಿ. ರಾಣಿಯಲ್ಲವೇ, ಪ್ರಜೆಗಳನ್ನು ‘ಏ’ ಎಂದೇ ಕರೆಯಬಹುದು.