ಎಣಿಕೆಗೆ ಸಿಗದವರು

ವಿಲೆ ಪಾರ್ಲೆ, ಮುಂಬಯಿ
೧೪ ಆಗಸ್ಟ್ ೧೯೫೮

ಅಮ್ಮ,

ನಿನ್ನ ನೀಲಾವತಿಯ ನಮಸ್ಕಾರ. ಈ ಕಾಗದವನ್ನು ಬೇರೆ ಯಾರಿಂದಲೂ ಓದಿಸಬೇಡ. ನಿಧಾನವಾದರೂ ನೀನೇ ಓದು.

ಮೇ ತಿಂಗಳಲ್ಲಿ ಉಡುಪಿಗೆ ಬಂದಾಗ ನನ್ನ ರವಿಕೆ ಹಾಲಿನಿಂದ ಒದ್ದೆಯಾದದ್ದನ್ನು ಕಂಡು ನೀನು ಕೇಳಿದ್ದು ಒಂದೇ ಮಾತು: "ಯಾರದ್ದು?" ಯಾರದ್ದೂ ಅಲ್ಲ ಎಂದೆ. ಮದುವೆಯಾಗದ ಮಗಳ ಮಾತನ್ನು ನೀನು ನಂಬಲಿಲ್ಲ. ಮರುದಿನವೇ ನನ್ನನ್ನು ಬಸ್ಸು ಹತ್ತಿಸಿದೆ. ಆಮೇಲೆ ಒಂದು ಸಾಲನ್ನೂ ಬರೆಯಲಿಲ್ಲ.

ಒಂದು ವರ್ಷದಿಂದ ಮುಟ್ಟು ನಿಂತಿತ್ತು, ತಲೆನೋವೂ ಇತ್ತು. ಅದನ್ನು ಮುಚ್ಚಿಟ್ಟದ್ದು ನನ್ನ ತಪ್ಪು. ನಾನು ರೋಗಿಗಳ ಕೇಸ್ ಪೇಪರ್ ಜೋಡಿಸಿಡುವ ಕೆಲಸದಲ್ಲಿರುವ ಆಸ್ಪತ್ರೆಯಲ್ಲೇ ಮಂಗಳೂರಿನ ಡಾಕ್ಟರ್ ರಮಾನಾಥ ಎಂಬವರಿದ್ದಾರೆ. ಕೊನೆಗೂ ನಾಚಿಕೆ ಬಿಟ್ಟು ಅವರಿಗೆ ತೋರಿಸಿದೆ. ತಲೆಯ ಎಕ್ಸ್‌ರೇ ತೆಗೆಸಿದರು. ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ ಬಟಾಣಿಯಷ್ಟು ದೊಡ್ಡ ಗ್ರಂಥಿಯೊಂದಿದೆಯಂತೆ, ಪಿಟ್ಯುಟರಿ ಎಂದು ಹೆಸರು. ಮೈಯ ಎಷ್ಟೋ ಕೆಲಸಗಳಿಗೆ ಅಪ್ಪಣೆ ಹೋಗುವುದು ಅಲ್ಲಿಂದ. ನನ್ನದರಲ್ಲಿ ಗಡ್ಡೆ ಬೆಳೆದು, ಬಸಿರಿಲ್ಲದೆಯೇ ಹಾಲು ಬರುವಂತೆ ಮಾಡಿದೆ. ಕ್ಯಾನ್ಸರ್ ಅಲ್ಲ; ಆದರೆ ಹಾಗೇ ಬಿಟ್ಟರೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತದಂತೆ.

ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಕುತೂಹಲ. ಇಂಥವರು ಎಷ್ಟು ಮಂದಿ ಎಂದು ಕೇಳಿದೆ. ಬೇರೆ ಕಾಯಿಲೆಯಿಂದ ಸತ್ತವರ ಗ್ರಂಥಿಯನ್ನು ಕೊಯ್ದು ನೋಡಿದರೆ ಹತ್ತರಲ್ಲಿ ಒಬ್ಬಿಬ್ಬರಲ್ಲಿ ಸಣ್ಣ ಗಡ್ಡೆ ಸಿಗುತ್ತದಂತೆ; ಬದುಕಿದ್ದಷ್ಟು ದಿನ ಅವರಿಗೆ ಅದರ ಸುಳಿವೂ ಇರುವುದಿಲ್ಲ. ನನ್ನದರಂತೆ ತಪ್ಪು ಅಪ್ಪಣೆ ಕಳಿಸುವ ಗಡ್ಡೆಗಳು ಬಹಳ ಕಡಿಮೆ. ಎಷ್ಟು ಕಡಿಮೆ ಎಂದು ಮತ್ತೆ ಕೇಳಿದ್ದಕ್ಕೆ ಡಾಕ್ಟರರು, "ಹೇಳಿಕೊಂಡು ಬಂದವರನ್ನು ಮಾತ್ರ ನಾವು ಎಣಿಸುವುದು ಮಾರಾಯ್ತಿ," ಎಂದರು.

ಅವರ ಒಪ್ಪಿಗೆ ಪಡೆದು ಹತ್ತು ವರ್ಷಗಳ ಕೇಸ್ ಪೇಪರ್ ಹುಡುಕಿದೆ. ಅದೇ ಗ್ರಂಥಿಯ ಗಡ್ಡೆಯಿಂದ ಕೈಕಾಲು, ದವಡೆ ದೊಡ್ಡದಾಗುತ್ತ ಹೋದ ಗಂಡಸರು ಐವರು. ನನ್ನಂಥ ಹೆಂಗಸರು ಇಬ್ಬರೇ. ಅವರಲ್ಲೊಬ್ಬಳ ಹಾಳೆಯಲ್ಲಿ, ಅವಿವಾಹಿತೆ, ಮನೆಯವರು ಕರೆದುಕೊಂಡು ಹೋದರು ಎಂದಷ್ಟೇ ಇದೆ. ಈಗ ಲೋಕಲ್ ರೈಲಿನಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತ ಹೆಂಗಸರನ್ನು ಕಂಡರೆ ಮೆಲ್ಲಗೆ ಕೇಳಿಬಿಡೋಣವೇ ಅನಿಸುತ್ತದೆ.

ಮುಂದಿನ ವಾರದಿಂದ ಕಿರಣ ಚಿಕಿತ್ಸೆ. ನೀನು ಬಂದರೆ ನನಗೆ ಧೈರ್ಯ. ಬರಲಾಗದಿದ್ದರೆ, ನಂಬಿದ್ದೇನೆ ಎಂದು ಒಂದು ಸಾಲು ಬರೆ.

ನಿನ್ನ ಮಗಳು,
ನೀಲಾವತಿ

ಇನ್ನೊಂದು ಮಾತು: ನಮ್ಮ ಮನೆಯಲ್ಲಿ ಯಾರೂ ಹೆಸರೆತ್ತದ ನಿನ್ನ ತಂಗಿ ವಿನೋದಿನಿ ಚಿಕ್ಕಮ್ಮ ಇಲ್ಲೇ ಭಾಂಡುಪ್‌ನ ಚಾಳೊಂದರ ಬಾಡಿಗೆ ಕೋಣೆಯಲ್ಲಿದ್ದಾರೆ. ಊರಿನವರಿಂದ ವಿಳಾಸ ತಿಳಿದು ಕಳೆದ ಭಾನುವಾರ ಹೋಗಿ ನನ್ನ ವಿಷಯ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. "ನಂಗೂ ಹೀಗೇ ಆಗಿತ್ತು ಮಗಾ. ಮಗುವನ್ನು ಎಲ್ಲಿ ಬಿಸಾಡಿದೆ ಅಂತ ನಿನ್ನ ಅಮ್ಮನೇ ಕೇಳಿದ್ದು," ಎಂದರು. ಅವರಿಗೀಗ ಅಕ್ಕಪಕ್ಕದ್ದು ಸರಿಯಾಗಿ ಕಾಣುವುದಿಲ್ಲ. ಸೋಮವಾರ ಅವರನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆ.