ಪೆಟ್ಟಿಗೆಯ ಪದ್ಯದಲ್ಲಿ ಬಿಟ್ಟುಹೋದ ಸಾಲು

ಕಾಪು
21 ನವೆಂಬರ್ 2025, ಶುಕ್ರವಾರ

ಪ್ರೀತಿಯ ರಿಝಾನಾ,

ಉಮ್ಮನ ಸಲಾಂ. ನೀನು ಪರ್ಕಳದ ರೂಮಿಗೆ ಹೋಗಿ ಎರಡು ವರ್ಷವಾಯಿತು. ಇದು ನನ್ನ ಮೊದಲ ಕಾಗದ, ಆದ್ದರಿಂದ ತಡವಾಯಿತು ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ, ಫೋನು ಕೈಯಲ್ಲೇ ಇದೆ, ಮತ್ತೆ ಕಾಗದ ಯಾಕೆ ಎಂದು ಕೇಳುವೆ. ಫೋನಿನಲ್ಲಿ ನಾವು ಊಟವಾಯಿತಾ, ಇವತ್ತು ಯಾವ ಮೀನು ಎಂಬಲ್ಲಿಗೇ ಮುಗಿಸಿಬಿಡುತ್ತೇವಲ್ಲ, ಅದಕ್ಕೆ. ನಮ್ಮ ಬ್ಯಾರಿ ಮಾತನ್ನು ಬರೆದು ನನಗೆ ರೂಢಿಯಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಟೀಚರ್ ಆಗಿಬಿಡುತ್ತೇನೆ. ಹಾಗಾಗಿ ಕನ್ನಡ. ಕಾಗುಣಿತದ ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡ.

ನಿನ್ನ ಉಪ್ಪನ ಹಾರ್ಡ್‌ವೇರ್ ಅಂಗಡಿ ನಡೆಯುತ್ತಿದೆ. ಹತ್ತೊಂಬತ್ತು ವರ್ಷ ದಮ್ಮಾಮಿನಲ್ಲಿ ಇಡೀ ಗೋದಾಮು ನೋಡಿಕೊಂಡ ಮನುಷ್ಯ ಈಗ ಒಂದು ಸಣ್ಣ ಕೋಣೆಯಲ್ಲಿ ಮೊಳೆ ಹುಡುಕಿ ಸುಸ್ತಾಗುತ್ತಾರೆ. ಬೆನ್ನುನೋವು ಹಾಗೆಯೇ ಇದೆ. "ಮಗಳು ಫಿಸಿಯೋಥೆರಪಿಸ್ಟ್ ಆದದ್ದು ಮಣಿಪಾಲದವರ ಬೆನ್ನಿಗೆ ಮಾತ್ರವಾ?" ಎಂದು ದಿನಕ್ಕೆ ಎರಡು ಸಲ ಗೊಣಗುತ್ತಾರೆ. ಭಾನುವಾರ ಅಲ್ಲಿಗೆ ಬರುವವರಿದ್ದಾರೆ, ಈ ಕಾಗದವೂ ಅವರ ಕೈಯಲ್ಲೇ ಬರುತ್ತದೆ. ಬೆನ್ನು ನೋಡಿಬಿಡು, ಆಮೇಲೆ ಬೈದರೂ ಪರವಾಗಿಲ್ಲ.

ಈಗ ಶಾಲೆಯ ಕಥೆ. ಅಕ್ಟೋಬರಿನಲ್ಲಿ ಒಂದು ಸುತ್ತೋಲೆ ಬಂತು. ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರೆಲ್ಲ ಪದ್ಯ ವಿಶ್ಲೇಷಣೆ ಕಲಿಸುವುದಕ್ಕೆ ತಾವೇ ತಯಾರಿಸಿದ ಒಂದು ಸಾಧನವನ್ನು ಉಡುಪಿಯ ಕಾರ್ಯಾಗಾರಕ್ಕೆ ತರಬೇಕಂತೆ. ನನ್ನಲ್ಲಿ ಇದ್ದದ್ದು ಆ ಥರ್ಮೋಕೋಲ್ ನವಿಲು. ನೆನಪಿದೆಯಾ, ನೀನು ಆರನೇ ಕ್ಲಾಸಿನಲ್ಲಿದ್ದಾಗ ಅದರ ಗರಿ ಕತ್ತರಿಸಿಕೊಟ್ಟಿದ್ದೆ? ಒಂದೊಂದು ಗರಿಯ ಮೇಲೆ ಒಂದೊಂದು ಅಲಂಕಾರದ ಹೆಸರು. ಸಿಮಿಲಿ, ಮೆಟಾಫರ್, ಅಲಿಟರೇಶನ್. ಮಕ್ಕಳು ಅವನ್ನು ಮಾತ್ರೆಗಳ ಹೆಸರಿನಂತೆ ಬಾಯಿಪಾಠ ಹೇಳುತ್ತಾರೆ. ಮುಖ್ಯೋಪಾಧ್ಯಾಯರಾದ ಭುಜಂಗ ಸರ್, "ನುಸೈಬಾ ಟೀಚರ್, ಆ ನವಿಲನ್ನೇ ಒರೆಸಿ ತಗೊಂಡು ಹೋಗಿ ಮಾರಾಯ್ರೆ, ಯಾರಿಗೆ ಗೊತ್ತಾಗ್ತದೆ?" ಎಂದರು. ನಾನೂ ಒಪ್ಪಿದ್ದೆ.

ಆದರೆ ಅದೇ ವಾರ ಒಂಬತ್ತನೆಯವರ ಮೇಲೆ ಒಂದು ಕಿತಾಪತಿ ಮಾಡಿದೆ. ಉಪ್ಪನ ಅಂಗಡಿಯ ಪಂಪ್‌ಸೆಟ್ಟಿನ ಜೊತೆ ಬರುವ ಸೂಚನೆಯ ಚೀಟಿಯನ್ನು ಸಾಲು ಸಾಲಾಗಿ ಮುರಿದು ಬರೆದು, ಈ ಪದ್ಯದ ಬಗ್ಗೆ ಬರೆಯಿರಿ ಎಂದೆ. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತಾರು ಜನ, ಈ ಪದ್ಯ ಬಹಳ ಸುಂದರವಾಗಿದೆ, ಇದರಲ್ಲಿ ಆಳವಾದ ಅರ್ಥವಿದೆ ಎಂದು ಬರೆದರು! ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ನಗು ನಿಂತಿತು. ಆ ವಾಕ್ಯವನ್ನು ಅವರಿಗೆ ವರ್ಷವರ್ಷವೂ ಬರೆಸಿದವಳು ನಾನೇ ಅಲ್ಲವೇ? ಪಡುಬಿದ್ರಿಯ ಹರ್ಷಿತ್ ಅಂತೂ ಎದ್ದುನಿಂತು, "ಟೀಚರ್, ಯಾವ ಸಾಲು ಕಲಿತರೆ ನಾಲ್ಕು ಮಾರ್ಕು ಸಿಗ್ತದೆ, ಅದನ್ನೊಂದು ಹೇಳಿ, ಸಾಕು" ಎಂದ.

ನವಿಲನ್ನು ಮೂಲೆಗೆ ಸೇರಿಸೋಣವೆಂದು ಒಂದು ರಟ್ಟಿನ ಪೆಟ್ಟಿಗೆ ಕೇಳಿದೆ. ಉಪ್ಪ ಅಟ್ಟದಿಂದ ತಮ್ಮ ದಮ್ಮಾಮಿನ ಪೆಟ್ಟಿಗೆ ಇಳಿಸಿದರು. ಕಪ್ಪು ಮಾರ್ಕರಿನಲ್ಲಿ ಬರೆದ ಮುಸ್ತಫಾ, ಕಾಪು ಎಂಬ ಅಕ್ಷರ ಇನ್ನೂ ಮಾಸಿಲ್ಲ. ಒಳಗೆ ನಮ್ಮ ಹಳೆಯ ತೂಕದ ಮೆಷಿನ್, ಉಪ್ಪ ವಿಮಾನ ಹತ್ತುವ ಮೊದಲು ಮೇಲೆ ನಿಂತು ಸಾಮಾನು ತೂಗುತ್ತಿದ್ದದ್ದು. ಅದರ ಅಡಿಯಲ್ಲಿ ನಿನ್ನ ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ನೋಟ್‌ಬುಕ್. "ಇದು ಇಲ್ಲಿಗೆ ಹೇಗೆ ಬಂತು?" ಎಂದು ಉಪ್ಪ ಕೇಳಿದರು. ನಾನು ನವಿಲಿನ ಗರಿ ಸರಿಮಾಡುತ್ತಾ ಕೂತೆ.

ಆ ನೋಟ್‌ಬುಕ್ ಎಂದ ಕೂಡಲೇ ನಿನಗೆ ಯಾವ ದಿನ ನೆನಪಾಗುತ್ತದೆಂದು ನನಗೆ ಗೊತ್ತು ಮಗಾ. ನಿನ್ನ ಕ್ಲಾಸಿಗೂ ನಾನೇ ಇಂಗ್ಲಿಷ್ ಟೀಚರ್, ನಿಮ್ಮ ಮನೆಯ ಒಂದು ವಸ್ತುವಿನ ಮೇಲೆ ಎಂಟು ಸಾಲು ಬರೆಯಿರಿ ಎಂದಿದ್ದೆ. ನೀನು ತೂಕದ ಮೆಷಿನ್ ಮೇಲೆ ಬರೆದೆ. ಅದನ್ನು ಓದಿದ ನಾನು ನಲವತ್ತು ಮಕ್ಕಳ ಎದುರು ನಿನ್ನನ್ನು ನಿಲ್ಲಿಸಿ, ಇದನ್ನು ಎಲ್ಲಿಂದ ಕಾಪಿ ಮಾಡಿದೆ ಎಂದು ಕೇಳಿದೆ. "ನಾನೇ ಬರೆದದ್ದು ಟೀಚರ್" ಎಂದೆ ನೀನು. ಶಾಲೆಯಲ್ಲಿ ಉಮ್ಮ ಎನ್ನಬಾರದೆಂಬ ನಿಯಮ ನನ್ನದೇ ಆಗಿತ್ತಲ್ಲ. ಸೊನ್ನೆ ಹಾಕಿ, ಕೆಂಪಿನಲ್ಲಿ ಕಾಪಿ ಎಂದು ಬರೆದು ನೋಟ್‌ಬುಕ್ ಇಟ್ಟುಕೊಂಡೆ. ಅದಾದ ಮೇಲೆ ನೀನು ಒಂದು ವಾರ ಮನೆಯಲ್ಲೂ ನನ್ನನ್ನು ಟೀಚರ್ ಎಂದೇ ಕರೆದೆ. ಮತ್ತೆ ಯಾವತ್ತೂ ನಿನ್ನದೆಂದು ಒಂದು ಸಾಲು ಬರೆಯಲಿಲ್ಲ. ಆ ದಿನ ನಾನು ತಪ್ಪು ತಿಳಿದುಕೊಂಡೆ. ಹನ್ನೊಂದು ವರ್ಷದ ಮೇಲೆ ಹೇಳುತ್ತಿದ್ದೇನೆ, ತಪ್ಪಾಯಿತು.

ಆ ಪದ್ಯವನ್ನೇ ದೊಡ್ಡ ಕಾರ್ಡುಗಳ ಮೇಲೆ, ಒಂದು ಕಾರ್ಡಿಗೆ ಒಂದು ಸಾಲಿನಂತೆ ಬರೆದು, ಉಪ್ಪನ ಪೆಟ್ಟಿಗೆಯಲ್ಲಿ ಹಾಕಿ ಕ್ಲಾಸಿಗೆ ಒಯ್ದೆ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಸಾಲುಗಳನ್ನು ಸಿಕ್ಕಿಸಿದೆ. ನಿನ್ನ ಇಂಗ್ಲಿಷಿನ ಚೆಂದ ನನ್ನ ಕನ್ನಡಕ್ಕೆ ಬರುವುದಿಲ್ಲ, ಆದರೂ ಕೇಳು:

ಉಪ್ಪ ಪೆಟ್ಟಿಗೆ ಎತ್ತಿಕೊಂಡು ಮೆಷಿನ್ ಮೇಲೆ ನಿಂತರು.
ಆಮೇಲೆ ಪೆಟ್ಟಿಗೆ ಇಳಿಸಿ ಒಬ್ಬರೇ ನಿಂತರು.
ಇದರಲ್ಲಿ ಅದನ್ನು ಕಳೆದರೆ ಪೆಟ್ಟಿಗೆಯ ಭಾರ.
ಹೆಚ್ಚಾಯಿತೆಂದು ಮಾವಿನ ಉಪ್ಪಿನಕಾಯಿ ಹೊರಗೆ ಬಂತು.
ನನ್ನನ್ನು ಎತ್ತಿಕೊಂಡು ಅವರು ನಿಲ್ಲಲಿಲ್ಲ.
ನಾಳೆ ಈ ಮನೆಯಲ್ಲಿ ಅವರನ್ನು ಕಳೆದರೆ
ಉಳಿಯುವುದು ಎಷ್ಟೆಂದು ಯಾವ ಮುಳ್ಳು ತೋರಿಸುತ್ತದೆ?

ಓದಿ ಮುಗಿಸುವ ಮೊದಲೇ ಅರ್ಧ ಕ್ಲಾಸು ನಮ್ಮ ಮನೆಯಲ್ಲೂ ಹೀಗೆಯೇ ಎಂದು ಗಲಾಟೆ ಎಬ್ಬಿಸಿತು. ಗಲ್ಫಿನವರಿಲ್ಲದ ಮನೆ ಈ ಕಡೆ ಎಷ್ಟಿದೆ ಹೇಳು. ನಾನು ಎಂದೆ: ಈ ಮೆಷಿನ್ ಲೆಕ್ಕವನ್ನೇ ಪದ್ಯಕ್ಕೂ ಹಾಕಿ. ಒಂದು ಸಾಲು ಇಟ್ಟು ಓದಿ, ಅದನ್ನೇ ತೆಗೆದು ಓದಿ, ಏನು ಕಡಿಮೆಯಾಯಿತೋ ಅದೇ ಆ ಸಾಲಿನ ಭಾರ. ಹರ್ಷಿತ್ ಓಡಿಬಂದು ಉಪ್ಪಿನಕಾಯಿಯ ಸಾಲು ತೆಗೆದ. ಓದಿಕೊಂಡ. "ಇಲ್ಲ ಟೀಚರ್, ಇದನ್ನು ತೆಗೆದರೆ ಇದು ಗಣಿತ ಮಾತ್ರ ಆಗ್ತದೆ. ಉಪ್ಪಿನಕಾಯಿ ಇದ್ದರೆ ಮನೆ" ಎಂದು ತಿರುಗಿ ಸಿಕ್ಕಿಸಿದ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನಾನು ಬರೆಸಿದ ಯಾವ ನೋಟ್ಸಿನಲ್ಲೂ ಇಂಥ ಒಂದು ವಾಕ್ಯ ಇರಲಿಲ್ಲ.

ಆಮೇಲೆ ನಿಜವಾದ ಮೆಷಿನ್ ಮೇಲೆಯೇ ನೋಡುವ ಎಂದು ಮಕ್ಕಳು ಹಟ ಹಿಡಿದರು. ಪೆಟ್ಟಿಗೆಗೆ ಹಳೆಯ ಪಠ್ಯಪುಸ್ತಕ ತುಂಬಿಸಿ ಹರ್ಷಿತ್ ಎತ್ತಿಕೊಂಡು ನಿಂತ. ಎಷ್ಟು, ಎಷ್ಟು ಎಂದು ಎಲ್ಲರೂ ಕೂಗಿದರು. "ನನಗೆ ಎಂತ ಕಾಣ್ತದೆ ಮಾರಾಯ್ರೆ, ಎದುರಿಗೆ ಪೆಟ್ಟಿಗೆ ಉಂಟಲ್ಲ" ಎಂದ. ಮುಂದಿನ ಬೆಂಚಿನ ಪ್ರಣೀತಾ ಬಗ್ಗಿ, ಅವನ ಕಾಲಿನ ಹತ್ತಿರ ಮುಖ ತಂದು, ಎಪ್ಪತ್ತೊಂದು ಎಂದು ಓದಿದಳು. ಓದಿದವಳು ಅಲ್ಲೇ ಕೂತುಬಿಟ್ಟಳು.

ಪ್ರಣೀತಾ ಶಂಕರಪುರದವಳು, ಬಾಯಿ ಬಿಡುವುದೇ ಅಪರೂಪ. ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು, ತಾಯಿ ಗುಣವತಿಯ ಜೊತೆ ಒಂದಿಷ್ಟು ಕಟ್ಟಿಕೊಟ್ಟು ಶಾಲೆಗೆ ಬರುತ್ತಾಳೆ. "ಟೀಚರ್, ಈ ಪದ್ಯದಲ್ಲಿ ಒಂದು ಸಾಲು ಇಲ್ಲ" ಎಂದಳು.

"ಹೇಗೆ ಹೇಳ್ತಿ?"

"ಪೆಟ್ಟಿಗೆ ಹಿಡಿದವರಿಗೆ ಮುಳ್ಳು ಕಾಣುವುದಿಲ್ಲ. ಯಾರೋ ಬಗ್ಗಿ ಓದಿ ಹೇಳಿದ್ದಾರೆ. ಅವರು ಪದ್ಯದಲ್ಲಿ ಇಲ್ವಲ್ಲ? ಹೂ ಕಟ್ಟುವಾಗ ಒಂದು ಕಡೆ ಬಿಟ್ಟುಹೋದರೆ ಅಲ್ಲಿ ಬರೀ ಬಾಳೆನಾರು ಕಾಣ್ತದೆ. ಮೊದಲನೆಯ ಸಾಲಿನ ಕೆಳಗೆ ನನಗೆ ಹಾಗೆ ಕಾಣ್ತಾ ಉಂಟು."

ಹೌದು, ಕಾರ್ಡು ಬರೆಯುವಾಗ ಒಂದು ಸಾಲು ಬಿಟ್ಟುಹೋಗಿದೆ ಎಂದೆ. ಅದನ್ನು ಹೇಳಬೇಡಿ, ನಾವೇ ಹುಡುಕುತ್ತೇವೆ ಎಂದು ಕ್ಲಾಸು ಕಾಗದ ಹಿಡಿದು ಕೂತಿತು. ಓದಿ ಹೇಳಿದ್ದು ಯಾರೆಂದು ಮೂವತ್ತೆಂಟು ಮಕ್ಕಳು ಬರೆದರು. ಒಬ್ಬಳು ಅಜ್ಜಿ ಎಂದಳು, ಒಬ್ಬ ಆ ಹುಡುಗಿಯೇ ಎಂದ. ಪ್ರಣೀತಾ ತನ್ನದನ್ನು ಎದ್ದು ಓದಿದಳು: "ಉಮ್ಮನೇ ಓದಿದ್ದು. ಅಳು ಬರ್ತಿತ್ತು, ಅದಕ್ಕೆ ಬಗ್ಗಿದವರು ಬೇಗ ಏಳಲಿಲ್ಲ." ನಾನು ಬೋರ್ಡು ಒರೆಸಲು ತಿರುಗಿದೆ. ಬೋರ್ಡಿನಲ್ಲಿ ಏನೂ ಬರೆದಿರಲಿಲ್ಲ.

ಮೊನ್ನೆ ಉಡುಪಿಗೆ ನವಿಲು ಹೋಗಲಿಲ್ಲ, ಪೆಟ್ಟಿಗೆಯೂ ಮೆಷಿನ್ನೂ ಹೋದವು. ಬಸ್ಸಿನ ಕಂಡಕ್ಟರ್, "ಟೀಚರ್, ಗಲ್ಫಿಗಾ?" ಎಂದು ಕೇಳಿದ. ಅಲ್ಲಿ ಬೇರೆ ಶಿಕ್ಷಕರೂ ಸಾಲು ಇಟ್ಟು ತೆಗೆದು ಜಗಳವಾಡಿದರು, ಚಹಾ ತಣ್ಣಗಾದದ್ದೂ ಗೊತ್ತಾಗಲಿಲ್ಲ. ಕಾರ್ಯಾಗಾರ ನಡೆಸಿದ ವಿಜೇತಾ ಮೇಡಂ, "ಇದನ್ನು ಶಿಕ್ಷಕರ ಕೈಪಿಡಿಯಲ್ಲಿ ಹಾಕುವ. ಆದರೆ ಪದ್ಯ ಬರೆದವರ ಹೆಸರು ಬೇಕು, ಒಪ್ಪಿಗೆಯೂ ಬೇಕು. ಮುಂದಿನ ಶುಕ್ರವಾರದ ಒಳಗೆ ಹೇಳಿ" ಎಂದರು. ನನ್ನ ಕಾರ್ಡಿನಲ್ಲಿ ಹೆಸರಿನ ಜಾಗ ಖಾಲಿ ಇತ್ತು. ನಿಮ್ಮದೇ ಪ್ರಾಯದ ಒಬ್ಬ ಹುಡುಗಿ ಎಂದಷ್ಟೇ ಮಕ್ಕಳಿಗೆ ಹೇಳಿದ್ದೆ.

ಹಾಗಾಗಿ ಕೇಳುತ್ತಿದ್ದೇನೆ. ನಿನ್ನ ಪದ್ಯವನ್ನು ಕೊಡುತ್ತೀಯಾ? ಅದರ ಕೆಳಗೆ ನಿನ್ನ ಹೆಸರು ಹಾಕಲು ಬಿಡುತ್ತೀಯಾ? ಬೇಡ ಎನ್ನುವ ಹಕ್ಕು ನಿನಗಿದೆ. ನೀನು ಬೇಡ ಎಂದರೆ ವಿಜೇತಾ ಮೇಡಂಗೆ ಇಲ್ಲವೆಂದು ಹೇಳಿ, ಪೆಟ್ಟಿಗೆಗೆ ಬೇರೆ ಪದ್ಯ ಹುಡುಕುತ್ತೇನೆ. ಉಪ್ಪನಿಗೆ ಕಾರ್ಡುಗಳನ್ನು ಓದಿ ಕನ್ನಡದಲ್ಲಿ ಹೇಳಿದೆ. ಆ ಮೆಷಿನ್ನನ್ನು ಹತ್ತಿರಕ್ಕೆ ಎಳೆದುಕೊಂಡು, "ಅವಳನ್ನೊಮ್ಮೆ ಎತ್ತಿಕೊಂಡು ನಿಲ್ಲಬೇಕಿತ್ತು, ಅಲ್ವಾ?" ಎಂದರು. ಈಗ ಆ ಸಾಹಸಕ್ಕೆ ಹೋದರೆ ಅವರ ಬೆನ್ನು ನಿನ್ನ ಕೈಯಿಂದಲೂ ಸರಿಯಾಗದು, ಅದನ್ನು ಅವರಿಗೆ ನೀನೇ ಹೇಳು.

ಉಪ್ಪಿನಕಾಯಿ ಕಳಿಸಿದ್ದೇನೆ, ದೊಡ್ಡ ಡಬ್ಬವೇ. ಹೊತ್ತಿಗೆ ಸರಿಯಾಗಿ ಊಟ ಮಾಡು. ಬೇರೆಯವರ ನೋವು ಇಳಿಸುವ ನಿನ್ನ ಕೈಗಳನ್ನು ಅಲ್ಲಾಹನು ಕಾಪಾಡಲಿ, ನಿನ್ನ ಮನಸ್ಸಿಗೂ ಅಂಥದೇ ಒಂದು ಕೈ ಸಿಗಲಿ.

ನಿನ್ನ ಉಮ್ಮ,
ನುಸೈಬಾ

ಮತ್ತೊಂದು ಮಾತು. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿದದ್ದು. ಈ ಕಾಗದದಲ್ಲಿ ಎರಡು ಸುಳ್ಳಿವೆ. ಆ ದಿನ ನಾನು ತಪ್ಪು ತಿಳಿದುಕೊಂಡಿರಲಿಲ್ಲ. ನೀನೇ ಬರೆದದ್ದೆಂದು ಓದುವಾಗಲೇ ಗೊತ್ತಿತ್ತು. ಆ ಉಪ್ಪಿನಕಾಯಿ ಡಬ್ಬವನ್ನು ನನ್ನ ಕೈಯಿಂದಲೇ ಹೊರಗೆ ತೆಗೆದಿದ್ದೆ, ಅದನ್ನು ನೀನು ಯಾವ ಪುಸ್ತಕದಿಂದ ಕಾಪಿ ಮಾಡುತ್ತಿ? ಇನ್ನು, ಕಾರ್ಡು ಬರೆಯುವಾಗ ಸಾಲು ಬಿಟ್ಟುಹೋಗಲಿಲ್ಲ, ನಾನೇ ಬಿಟ್ಟೆ. ನಿನಗದು ಬಾಯಿಪಾಠವಿರಬಹುದು: ಉಮ್ಮ ಬಗ್ಗಿ ಅಂಕೆ ಓದಿದರು, ಅವರ ಸ್ವರದಲ್ಲಿ ಅಂಕೆ ಬಿಟ್ಟು ಬೇರೇನೂ ಇರಲಿಲ್ಲ. ಬೇರೇನಾದರೂ ಇದ್ದಿದ್ದರೆ ಆ ಮನುಷ್ಯ ವಿಮಾನ ಹತ್ತುತ್ತಿರಲಿಲ್ಲ ರಿಝಾನಾ. ನಾನು ಒಳಗೆ ತಡೆಹಿಡಿದದ್ದನ್ನು ಹದಿನಾಲ್ಕು ವರ್ಷದ ನೀನು ಕೇಳಿಸಿಕೊಂಡಿದ್ದೆ. ಅದು ನಲವತ್ತು ಮಕ್ಕಳಿಗೆ ಗೊತ್ತಾಗುತ್ತದೆಂಬ ಹೆದರಿಕೆಗೆ ನನ್ನ ಮಗಳನ್ನು ಕಳ್ಳಿ ಮಾಡಿದೆ. ಇವತ್ತು ಆ ಸಾಲನ್ನು ಬರೆದು ಸೇರಿಸಿದ್ದೇನೆ. ಕಾರ್ಡುಗಳೂ ಒಂದು ಕಪ್ಪು ಪೆನ್ನೂ ಉಪ್ಪನ ಚೀಲದಲ್ಲಿವೆ. ನೀನು ಹೆಸರು ಬರೆದರೂ ಬರೆಯದಿದ್ದರೂ, ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ನಾನು ನಿನ್ನನ್ನು ನಿಲ್ಲಿಸಿದ ಅದೇ ಜಾಗದಲ್ಲಿ ನಿಂತು, ಆ ಸಾಲನ್ನು ಬೇಕೆಂದೇ ಬಿಟ್ಟವಳು ಅದರಲ್ಲಿರುವ ಉಮ್ಮನೇ ಎಂದು ಮಕ್ಕಳಿಗೆ ಹೇಳುತ್ತೇನೆ.