ಎಲೆ ಹಳದಿಯಾಗುವವರೆಗೆ

ಫೆಬ್ರವರಿ ೩೧, ೨೨೧೪
ಗಜೇಂದ್ರಗಡದ ಗುಡ್ಡ

ನೀಲವ್ವಜ್ಜಿಗೆ,

ಫೆಬ್ರವರಿಗೆ ಮೂವತ್ತೊಂದು ಎಲ್ಲಿಂದ ಬಂತೆಂದು ಗಾಬರಿಯಾಗಬೇಡ. ಒಂದು ದಿನವಾದರೂ ಬಿಸಿಲು ಬೀಳುವವರೆಗೆ ನಾವು ತಿಂಗಳು ಮುಗಿಯಿತೆನ್ನುವುದಿಲ್ಲ. ಗೊತ್ತಿಲ್ಲದ ಶಬ್ದಗಳು ನಡುವೆ ಬಂದರೆ ಕ್ಷಮಿಸು. ನಾನು ಬಸಲಿಂಗವ್ವ, ನಿನ್ನ ಮರಿಮೊಮ್ಮಗಳ ಮರಿಮೊಮ್ಮಗಳು. ನನಗೆ ಅರವತ್ತೆಂಟು. ನಿನಗಿನ್ನೂ ಇಪ್ಪತ್ತೈದು ತುಂಬಿರಲಿಕ್ಕಿಲ್ಲ. ಆದರೂ ಅಜ್ಜಿ ನೀನೇ, ಏನೂ ಮಾಡುವಂತಿಲ್ಲ.

ಮಳೆಗಾಗಿ ನೀನು ಮುಗಿಲು ನೋಡುವ ಈ ಸೀಮೆಯಲ್ಲಿ ಈಗ ವರ್ಷಕ್ಕೆ ಹತ್ತು ತಿಂಗಳು ಮಳೆ. ಗೋಡೆಗೆ ಬೂಸ್ಟು, ರೊಟ್ಟಿಗೆ ಬೂಸ್ಟು, ಮದುವೆಯ ಸೀರೆಗೂ ಬೂಸ್ಟು. ಅದಕ್ಕೇ ಓಣಿಗೊಂದು ಒಣಕೋಣೆ ಇದೆ. ಅಲ್ಲಿನ ಗಾಳಿಯ ತೇವವನ್ನು ಯಂತ್ರವೊಂದು ಹೀರುತ್ತಿರುತ್ತದೆ. ಬಿತ್ತುವ ಜೋಳ, ಔಷಧ, ಕೂಸುಗಳ ಮತ್ತು ಮುದುಕರ ಹಾಸಿಗೆ ಎಲ್ಲ ಇರುವುದು ಅಲ್ಲೇ. ಅದರ ಒಂದು ಮೂಲೆಯಲ್ಲಿ, ನೀನು ಪೇಂಟ್ ಡಬ್ಬಿಯಲ್ಲಿ ಬೆಳೆಸುತ್ತಿರುವ ಕೆಂಪು ಲಿಲಿಯ ಸಂತತಿ ಮಲಗಿದೆ. ಯುಗಾದಿಗೆ ಅರಳಬೇಕಾದರೆ ಆ ಗಡ್ಡೆ ಮೊದಲು ಎರಡು ತಿಂಗಳು ನೀರಿಲ್ಲದೆ ನಿದ್ದೆ ಮಾಡಬೇಕು. ಆ ನಿದ್ದೆಯ ಹೊತ್ತಿನಲ್ಲಿ ಇಲ್ಲಿ ಹೊರಗಿಟ್ಟರೆ ವಾರದೊಳಗೆ ಕೊಳೆಯುತ್ತದೆ. ಗಂಡನ ಮನೆಗೆ ಹೊರಟ ಮಗಳ ಉಡಿಯಲ್ಲಿ ಒಂದು ಮರಿಗಡ್ಡೆ ಹಾಕಿ ಕಳಿಸುವ ನಿನ್ನ ಪದ್ಧತಿಯಿಂದಲೇ ಅವು ಇಲ್ಲಿಯವರೆಗೆ ಬಂದವು. ಈಗ ಉಳಿದಿರುವುದು ಎರಡೇ.

ನನ್ನ ಅಕ್ಕ ದ್ಯಾಮವ್ವನ ಕಣ್ಣಿನ ದೃಷ್ಟಿ ಈ ವರ್ಷ ದಾಟುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಆ ಕೆಂಪನ್ನು ಇನ್ನೊಮ್ಮೆ ನೋಡಬೇಕೆನ್ನುವುದೊಂದೇ ಅವಳ ಆಸೆ. ಆದರೆ ಹೋದ ವರ್ಷ ಹೂವು ಬಾಡಿದ ಮೇಲೆ, ಬೀಗರು ಬರುತ್ತಾರೆಂದು ಅಂಗಳ ಚೊಕ್ಕಟ ಮಾಡಲು ಹೋಗಿ, ಒಂದು ಗಡ್ಡೆಯ ಹಸಿರೆಲೆಗಳನ್ನೆಲ್ಲ ಅವಳೇ ಕತ್ತರಿಸಿಬಿಟ್ಟಳು. ಈ ವರ್ಷದ ಎಲೆಯೇ ಬರುವ ವರ್ಷದ ಹೂವಿಗೆ ಊಟ. ಆ ಗಡ್ಡೆ ಸೊರಗಿ ಹೋಯಿತು. ಇನ್ನೆರಡು ವರ್ಷ ಅರಳಲಾರದು. ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಇನ್ನೊಂದು ಗಡ್ಡೆ ಮಾತ್ರ ದಪ್ಪಗಿದೆ. ಮಲಗಿರುವಾಗಲೇ ಅದರ ಹೊಟ್ಟೆಯಲ್ಲಿ ಹೂವು ಮೂಡಿರುತ್ತದೆ.

ಓಣಿಯಲ್ಲಿ ಮೂರು ಕೂಸುಗಳಿಗೆ ಬೂಸ್ಟುಗೆಮ್ಮು ಹತ್ತಿದೆ. ಒಣ ಹಾಸಿಗೆಗೆ ಜಾಗ ಸಾಲದು. ಒಣಕೋಣೆಯ ಜಾಗ ಹಂಚುವ ಹಿರಿಯ ಕೋಟ್ರಪ್ಪ ಕೆಟ್ಟವನಲ್ಲ, ಕೆಮ್ಮುತ್ತಿರುವ ಕೂಸುಗಳಲ್ಲಿ ಒಂದು ಅವನ ಮೊಮ್ಮಗಳು. ನಿನ್ನೆ ಬಂದು ಹೇಳಿದ: “ಒಂದ ಗಡ್ಡಿ ಕೊಯ್ದು ತೋರಸು, ಬಸಲಿಂಗಕ್ಕ. ಒಳಗ ಹೂ ಇದ್ರ ಮೂಲಿ ನಿಂದು. ಇಲ್ಲಂದ್ರ ಕೂಸುಗೋಳ ಹಾಸಗಿಗಿ ಬಿಡು.”

ಯಾವುದನ್ನು ಕೊಯ್ಯಲಿ? ಸೊರಗಿದ್ದನ್ನು ಕೊಯ್ದರೆ ಒಳಗೆ ಬರೀ ಬಿಳಿ ಪದರ. ಮೂಲೆ ಕೈತಪ್ಪುತ್ತದೆ, ದಪ್ಪನೆಯದೂ ಅರಳುವ ಮೊದಲೇ ಕೊಳೆಯುತ್ತದೆ. ದಪ್ಪನೆಯದನ್ನು ಕೊಯ್ದರೆ ಮೂಲೆ ಉಳಿಯುತ್ತದೆ, ಆದರೆ ಅಕ್ಕನ ಹೂವನ್ನು ನನ್ನ ಕೈಯಾರೆ ಕೊಂದಂತೆ. ಮೂರು ಗಂಟೆಗೆ ಸಭೆ. ಈಗ ಎರಡೂವರೆ.

ಅಷ್ಟು ಬರೆದು ಎದ್ದು ಹೋಗಿದ್ದೆ. ಈಗ ಸಂಜೆ.

ಒಣಕೋಣೆಯಲ್ಲಿ ಅಕ್ಕ ನನಗಿಂತ ಮೊದಲೇ ಬಂದು ಕೂತಿದ್ದಳು. ಎರಡೂ ಗಡ್ಡೆಗಳನ್ನು ಸವರಿ ನೋಡಿ, ದಪ್ಪನೆಯದನ್ನು ನನ್ನ ಕೈಗಿಟ್ಟಳು. “ಇದನ್ನ ಕೊಯ್ಯಿ. ಎಲಿ ಕತ್ತರಿಸಿದಾಕಿ ನಾ. ಹೂ ಕಳಕೊಳ್ಳಾಕಿನೂ ನಾನ ಆಗಲಿ.”

ಕೊಯ್ದೆ. ಪದರಗಳ ನಡುವೆ ನಾಲ್ಕು ಮೊಗ್ಗು, ಅಕ್ಕಿಕಾಳಿನಷ್ಟು. ಕೋಟ್ರಪ್ಪ ಮೂಗಿನ ಮೇಲೆ ಚಾಳೀಸು ಏರಿಸಿ ಎರಡು ಸಲ ಎಣಿಸಿದ. ಉಳಿದದ್ದು ಎರಡು ವರ್ಷ ಅರಳುವುದಿಲ್ಲವೆಂಬ ನಿಜವನ್ನೂ ನಾನು ಮುಚ್ಚಿಡಲಿಲ್ಲ. ಅವನು, “ಮೂಲಿ ಮೂರ ವರ್ಷ ಇಟ್ಕೊ” ಎಂದ. ಒಣಕೋಣೆಯಲ್ಲಿದ್ದ ನನ್ನ ಹಾಸಿಗೆಯ ಜಾಗವನ್ನು ಕೂಸುಗಳಿಗೆ ಬಿಟ್ಟುಕೊಟ್ಟೆ. ಒದ್ದೆಯಲ್ಲಿ ಮಲಗುವುದು ಈ ಮೈಗೆ ಹೊಸದಲ್ಲ.

ಎಲ್ಲರೂ ಹೋದ ಮೇಲೆ ಅಕ್ಕ ಒಂದು ಹೋಳನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. “ಕೆಂಪ ಇನ್ನೂ ಹತ್ತಿಲ್ಲಲ್ಲ” ಎಂದು ಹೇಳಿ ಅದನ್ನು ನಿಧಾನವಾಗಿ ನೆಲಕ್ಕಿಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ಅವಳ ಮೇಲಿದ್ದ ಸಿಟ್ಟೂ ಅಲ್ಲೇ ಮುಗಿಯಿತು.

ಅಜ್ಜಿ, ಈ ಯುಗಾದಿಗೆ ನಿನ್ನ ಲಿಲಿ ಅರಳಿ ಬಾಡಿದ ಮೇಲೆ, ಎಲೆಗಳು ಅಡ್ಡಾದಿಡ್ಡಿ ಬಿದ್ದು ಅಂಗಳ ಚೆಂದ ಕಾಣುವುದಿಲ್ಲ. ನಿನ್ನ ಅತ್ತೆ ಕುಡುಗೋಲು ಕೈಗೆ ಕೊಡಬಹುದು. ಬೀಗರು ಬಾಗಿಲಿಗೆ ಬಂದಿರಬಹುದು. ತಾವಾಗಿ ಹಳದಿಯಾಗಿ ಒಣಗುವವರೆಗೆ ಎಲೆ ಮುಟ್ಟಬೇಡ, ಕೈಮುಗಿಯುತ್ತೇನೆ. ಮರಿಗಡ್ಡೆ ಬಿಡಿಸಿ ನೆಡುವಾಗ ಕುತ್ತಿಗೆ ಮಣ್ಣಿನ ಮೇಲಿರಲಿ. ಒಂದೆರಡನ್ನು ನೆರೆಮನೆಗೂ ಕೊಡು. ಎರಡಕ್ಕೇ ಬಂದು ನಿಲ್ಲುವುದು ಬೇಡ.

ಮತ್ತೆ, ಹೂವು ಅರಳಿದ ದಿನ ಕೆಲಸ ಬಿಟ್ಟು ಒಂದು ಗಳಿಗೆ ಅದರ ಮುಂದೆ ಕೂತು ನೋಡು. ಆ ಗಳಿಗೆ ನನ್ನ ಅಕ್ಕನದು.

ನಿನ್ನ
ಬಸಲಿಂಗವ್ವ